ನಲವತ್ತೇಳನೆಯ ನಂಬರಿನ ಹಾಜರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದಸ್ತಗೀರಣ್ಣನ ಬಿ.ಎ. ಪದವಿ ತಪ್ಪಿಹೋದದ್ದು ನನ್ನ ಒಂದು ಕೆಮ್ಮಿನಿಂದ. ಅದು ಕಫದ ಕೆಮ್ಮಲ್ಲ, ಚಾಪಲ್ಯದ ಕೆಮ್ಮು. ಹಿಂದಿನ ಬೆಂಚಿನಲ್ಲಿ ಕುಳಿತು ಇಡೀ ತರಗತಿಯನ್ನು ನಗಿಸಬೇಕೆಂಬ ವ್ಯಾಧಿಯೊಂದು ನನಗೆ ಸಣ್ಣಂದಿನಿಂದಲೇ ಅಂಟಿಕೊಂಡಿತ್ತು. ಔಷಧ ಕೊಡಬೇಕಾದವರೆಲ್ಲ ನಕ್ಕು ನಕ್ಕು ಅದನ್ನು ಪೋಷಿಸಿದ್ದರು. ಹಾಗೆಂದು ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ಕೆಮ್ಮಿದವನು ನಾನು, ಕೆಮ್ಮಿದ ಮೇಲೆ ಎದ್ದು ನಿಲ್ಲದೆ ಕುಳಿತೇ ಇದ್ದವನೂ ನಾನೇ.

ಬೆಳಗಾವಿಯ ಖಾಸಬಾಗದ ನಮ್ಮ ಮನೆಯಲ್ಲಿ, ಅಪ್ಪನ ಮಗ್ಗದ ಎದುರಿನ ಗೋಡೆಗೆ, ನನ್ನದೊಂದು ಫೋಟೋ ತೂಗುಹಾಕಿದ್ದಾರೆ. ಮೈಮೇಲೆ ಕರಿಯ ನಿಲುವಂಗಿ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ, ಮುಖದಲ್ಲಿ ಜಗತ್ತಿನ ಸಮಸ್ತ ವಿದ್ಯೆಯನ್ನೂ ಅರೆದು ಕುಡಿದು ಇನ್ನೂ ಬಾಯಾರಿಕೆ ಇಂಗದವನ ಗಾಂಭೀರ್ಯ. ನಿಲುವಂಗಿ ಸ್ಟುಡಿಯೋದವರದು, ಬೆಳಗಾವಿಯ ಎಷ್ಟೋ ಪದವೀಧರರು ಸರದಿಯ ಮೇಲೆ ಅದೇ ನಿಲುವಂಗಿಯೊಳಗೆ ಹೊಕ್ಕು ಹೊರಬಂದಿದ್ದಾರೆ. ಕೈಯಲ್ಲಿರುವ ಸುರುಳಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ. ಅಂದರೆ ಪದವಿಯೆಂದು ಎದೆಗೊತ್ತಿಕೊಂಡು ನಾನು ಹಿಡಿದಿರುವುದು ಯಾವುದೋ ಕಳೆದ ವರ್ಷದ ಶ್ರಾವಣ ಮಾಸ. ಮನೆಗೆ ಬಂದವರು ಫೋಟೋ ನೋಡಿ, "ಏನ್ ಓದ್ಯಾನ್ರೀ ನಿಮ್ಮ ಬಸೂ?" ಎಂದು ಕೇಳುತ್ತಾರೆ. ಅಪ್ಪ ಲಾಳಿ ನಿಲ್ಲಿಸದೆಯೇ, "ಬಿ.ಎ. ಆಗ್ಯಾನ್ರೀ" ಎನ್ನುತ್ತಾರೆ. ಬಿ.ಎ. ಆದವನು ಮೂಲೆಯಲ್ಲಿ ಕುಳಿತು ನೂಲಿನ ಸಿಕ್ಕು ಯಾಕೆ ಬಿಡಿಸುತ್ತಿದ್ದಾನೆಂದು ಬಂದವರು ಕೇಳುವುದಿಲ್ಲ. ಅಷ್ಟು ಸಭ್ಯತೆ ನಮ್ಮ ಓಣಿಯಲ್ಲಿ ಇನ್ನೂ ಉಳಿದಿದೆ.

ಆ ಫೋಟೋದ ಕೆಳಗೆ ಕೂತಾಗಲೆಲ್ಲ ನನಗೆ ನೆನಪಾಗುವುದು ನಾನು ಆರಿಸಿಕೊಂಡು ಓದಿದ ಇತಿಹಾಸವಲ್ಲ, ಆರಿಸಿಕೊಳ್ಳದೆ ಓದಿದ ಸಾಮಾನ್ಯ ವಿಜ್ಞಾನ. ಹೊರಗಿನವರು ತಿಳಿದಿರುತ್ತಾರೆ, ಬಿ.ಎ. ಎಂದರೆ ಮನಸ್ಸಿಗೆ ಹಿಡಿಸಿದ ವಿಷಯವನ್ನು ಓದಿ ಪಾಸಾಗುವುದು ಎಂದು. ಒಳಗೆ ಹೊಕ್ಕ ಮೇಲೆ ಗೊತ್ತಾಗುತ್ತದೆ, ಹಿಡಿಸಿದ್ದು ಒಂದು ಪಾಲಾದರೆ ಹಿಡಿಸದಿದ್ದುದು ಎರಡು ಪಾಲು. ಇಂಗ್ಲಿಷು ಕಡ್ಡಾಯ. ಅದರ ಬಾಜು ಇನ್ನೊಂದು ಭಾಷೆ ಕಡ್ಡಾಯ; ಆ ತಾಸಿನ ಗಂಟೆ ಬಾರಿಸಿದೊಡನೆ ಅಲ್ಲಿಯವರೆಗೆ ಹೆಗಲ ಮೇಲೆ ಕೈಹಾಕಿಕೊಂಡಿದ್ದ ನಾವೇ ಕನ್ನಡ, ಮರಾಠಿ, ಉರ್ದು, ಹಿಂದಿ ಎಂದು ನಾಲ್ಕು ಸಂಸ್ಥಾನಗಳಾಗಿ ಒಡೆದು ನಾಲ್ಕು ಕೋಣೆಗೆ ನಡೆಯುತ್ತಿದ್ದೆವು, ಮುಂದಿನ ಗಂಟೆಗೆ ಮತ್ತೆ ವಿಲೀನವಾಗುತ್ತಿದ್ದೆವು. ಶ್ರಮದಾನವೂ ಕಡ್ಡಾಯವಿತ್ತು. ನಾವು ಒಂದು ವಾರ ತೋಡಿದ ಗುಂಡಿಯನ್ನು ಮುಂದಿನ ವಾರ ಇನ್ನೊಂದು ತಂಡ ಮುಚ್ಚುತ್ತಿತ್ತು. ಹೀಗೆ ರಾಷ್ಟ್ರನಿರ್ಮಾಣ ಎಲ್ಲಿಯೂ ಕುಂದದೆ ನಡೆದಿತ್ತು. ಇದೆಲ್ಲದರ ತುದಿಗೆ, ಊಟದ ಎಲೆಯ ಮೂಲೆಗೆ ಬಡಿಸುವ ಉಪ್ಪಿನ ಹಾಗೆ, ಕಲಾವಿಭಾಗದ ಕೊನೆಯ ವರ್ಷದವರಿಗೆಂದೇ ಇಟ್ಟ ಸಾಮಾನ್ಯ ವಿಜ್ಞಾನ. ರಾಜರ ಕಾಳಗಗಳ ಇಸವಿಗಳನ್ನು ಬಾಯಿಪಾಠ ಮಾಡಿದವನಿಗೆ ಮನೆಯ ದೀಪದ ಫ್ಯೂಜು ಹೋದರೆ ಏನು ಮಾಡಬೇಕೆಂದು ಗೊತ್ತಿರಲಿ ಎಂದು ವಿದ್ಯಾಪೀಠದ ಯಾರೋ ಹಿರಿಯರು ಸದುದ್ದೇಶದಿಂದಲೇ ಅದನ್ನು ಸೇರಿಸಿರಬೇಕು. ನಮಗೆ ಆ ಸದುದ್ದೇಶದ ವಿನಾ ಉಳಿದದ್ದೆಲ್ಲ ಕಾಣುತ್ತಿತ್ತು. ಆ ತಾಸಿಗೆ ನಾವು ಇಟ್ಟ ಹೆಸರು 'ಉಪ್ಪಿನ ತಾಸು'.

ಉಪ್ಪನ್ನು ಎಲೆಯಲ್ಲೇ ಬಿಟ್ಟು ಏಳಬಹುದು. ಈ ತಾಸನ್ನು ಬಿಡುವಂತಿರಲಿಲ್ಲ. ಮುಕ್ಕಾಲು ಪಾಲು ಹಾಜರಿ ಇಲ್ಲದವನಿಗೆ ಕಾಲೇಜು ಟರ್ಮ್ ಕೊಡುತ್ತಿರಲಿಲ್ಲ. ಟರ್ಮ್ ಇಲ್ಲದವನನ್ನು ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ. ಉಳಿದ ವಿಷಯಗಳಲ್ಲಿ ನೀವು ಎಷ್ಟೇ ದೊಡ್ಡ ಪಂಡಿತರಾಗಿರಿ, ಉಪ್ಪಿನ ತಾಸಿನ ಟರ್ಮ್ ಇಲ್ಲದಿದ್ದರೆ ಪದವಿಯೇ ಇಲ್ಲ.

ಆ ತಾಸು ತೆಗೆದುಕೊಳ್ಳುತ್ತಿದ್ದವರು ಸಂಪಗಾವಿ ಸರ್. ವಿಜ್ಞಾನ ವಿಭಾಗದ ಭೌತಶಾಸ್ತ್ರದವರು. ಪಾಪ, ಅವರನ್ನು ನಮ್ಮ ಕಡೆಗೆ ಕಳಿಸಿದ್ದು ಶಿಕ್ಷೆಯೆಂದು ಅವರ ಸಹೋದ್ಯೋಗಿಗಳು ಭಾವಿಸಿದ್ದರು. ಅವರೊಬ್ಬರು ಮಾತ್ರ ಅದನ್ನು ಬಡ್ತಿಯೆಂದು ತಿಳಿದಿದ್ದರು. ದಿನಕ್ಕೊಂದು ಸಾಮಾನು ಜೋಳಿಗೆಯಲ್ಲಿ ತರುವರು. ಒಮ್ಮೆ ಅಯಸ್ಕಾಂತ, ಒಮ್ಮೆ ಗಾಳಿಯೂದಿದ ಫುಗ್ಗೆ, ಒಮ್ಮೆ ಮನೆಯಿಂದಲೇ ಹೊತ್ತು ತಂದ ಹಾಲಿನ ಪಾತೇಲಿ. "ಹಾಲು ಯಾಕ ಉಕ್ಕತೈತಿ? ನಿಮ್ಮವ್ವಾರು ದಿನಾ ನೋಡ್ತಾರ, ನೀವು ದಿನಾ ಕುಡೀತೀರಿ. ಒಬ್ಬರರ ಕೇಳೀರೇನು?" ಎನ್ನುವರು. ಕೇಳಿರಲಿಲ್ಲ ನಾವು. ನಾವು ಕೇಳುತ್ತಿದ್ದುದು ಅವರ ಧ್ವನಿಯನ್ನು ಮಾತ್ರ, ಅದೂ ನಾನು ಅದನ್ನು ಸಂಜೆ ಚಹದಂಗಡಿಯಲ್ಲಿ ಪುನಃಪ್ರಸಾರ ಮಾಡುವಾಗ. ಅವರಿಗೆ ದೃಷ್ಟಿ ಬಹಳ ಮಂದ. ಹಾಜರಿ ಕರೆಯುವಾಗ ಚಷ್ಮವನ್ನು ಹಣೆಗೇರಿಸಿ ಹಾಜರಿ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು, ಹೆಸರಲ್ಲ, ನಂಬರು ಕರೆಯುವರು. ತಲೆ ಎತ್ತುತ್ತಿರಲಿಲ್ಲ. ನೂರಕ್ಕೂ ಮಿಕ್ಕಿ ವಿದ್ಯಾರ್ಥಿಗಳು ಅವರಿಗೆ ನೂರಕ್ಕೂ ಮಿಕ್ಕಿದ ಧ್ವನಿಗಳು, ಅಷ್ಟೆ.

ಧ್ವನಿಗಳ ವ್ಯಾಪಾರದಲ್ಲಿ ನಾನು ಆಗಲೇ ಸಾಕಷ್ಟು ಹೆಸರು ಕೆಡಿಸಿಕೊಂಡಿದ್ದೆ. ಮಗ್ಗದ ಲಟಪಟದಿಂದ ಆರಂಭಿಸಿ, ಕಾಯಿಪಲ್ಯೆ ಮಾರುವ ಮಾವಶಿಯ ಮರಾಠಿ, ಖಾನಾಪುರದ ಬಸ್ಸಿನ ಕಂಡಕ್ಟರ್ ಒಂದೇ ಉಸಿರಿನಲ್ಲಿ ಎರಡು ಭಾಷೆಗಳಲ್ಲಿ ಬೈಯುವ ರೀತಿ, ನಮ್ಮ ಪ್ರಿನ್ಸಿಪಾಲರು ಭಾಷಣದ ನಡುವೆ ನೀರು ನುಂಗುವ ಸಪ್ಪಳ, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದವು. ಸ್ವಂತದ ಧ್ವನಿಗೆ ಮಾತ್ರ ಅಲ್ಲಿ ಜಾಗ ಸಾಲುತ್ತಿರಲಿಲ್ಲ. ಅದೊಂದು ಸಣ್ಣ, ಸ್ವಲ್ಪ ಮೂಗಿನ, ಯಾರೂ ತಿರುಗಿ ನೋಡದಂಥ ಧ್ವನಿ.

ದಸ್ತಗೀರಣ್ಣ ನನಗಿಂತ ಏಳೆಂಟು ವರ್ಷ ದೊಡ್ಡವನು. ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಸಿಪಾಯಿ. ಅಲ್ಲಿ ಮರಕ್ಕೆ ಜೋತುಬಿಟ್ಟ ರೈಲಿನ ಕಂಬಿಯ ತುಂಡನ್ನು ಬಾರಿಸಿ ಶಾಲೆ ಆರಂಭಿಸುವವನು, ಬಾರಿಸಿ ಮುಗಿಸುವವನು. ಹಿಂದಿ ಕಲಿಸುವ ಮಾಸ್ತರರು ಆ ಬರುವ ಬೇಸಗೆಗೆ ನಿವೃತ್ತರಾಗುವವರಿದ್ದರು. ಅವನು ಹಿಂದಿ ಮುಖ್ಯ ವಿಷಯವಾಗಿ ಬಿ.ಎ. ಓದುತ್ತಿರುವುದನ್ನು ಕಂಡು ಹೆಡ್‌ಮಾಸ್ತರರು, "ಜೂನಿನೊಳಗ ಬಿ.ಎ. ಆಗು, ಆ ಕುರ್ಚಿಮ್ಯಾಲ ನಿನ್ನ ಕುಂದರಸ್ತೀನಿ, ಬಿ.ಎಡ್. ಆಮ್ಯಾಲೆ ನೋಡೂಣು" ಎಂದು ಮಾತು ಕೊಟ್ಟಿದ್ದರು. ಗಂಟೆ ಬಾರಿಸುವವನು ಗಂಟೆಯ ಸಪ್ಪಳಕ್ಕೆ ತರಗತಿಯೊಳಗೆ ಹೋಗುವವನಾಗಬೇಕು, ಇದು ಅವನ ಬಯಕೆ. ಹೆಂಡತಿಗೆ, ತಾಯಿಗೆ, ಶಾಲೆಯ ಅರ್ಧ ಮಕ್ಕಳಿಗೆ ಇದು ಗೊತ್ತಿತ್ತು. ಕೆಲವು ಮಕ್ಕಳು ಆಗಲೇ ಅವನನ್ನು 'ಸರ್' ಎಂದು ಕರೆದು ಕಿಸಕ್ಕೆಂದು ನಗುತ್ತಿದ್ದರಂತೆ. ಅದನ್ನು ಹೇಳುವಾಗ ಅವನು ಬೇಜಾರಿನ ಮುಖ ಮಾಡುತ್ತಿದ್ದ, ಬೇಜಾರಾಗಿರಲಿಲ್ಲ.

ನಮ್ಮದು ಮುಂಜಾನೆಯ ಕಾಲೇಜು. ಅವನು ಖಾನಾಪುರದಿಂದ ನಸುಕಿನ ರೈಲಿಗೆ ಬಂದು, ತಾಸುಗಳನ್ನು ಮುಗಿಸಿ, ಬಸ್ಸು ಹಿಡಿದು ಹನ್ನೊಂದಕ್ಕೆ ಶಾಲೆಯ ಗಂಟೆ ಬಾರಿಸಬೇಕು. ಎಲ್ಲ ತಾಸುಗಳೂ ಈ ಲೆಕ್ಕದೊಳಗೆ ಹೇಗೋ ತೂರುತ್ತಿದ್ದವು, ಕೊನೆಯ ತಾಸೊಂದನ್ನು ಬಿಟ್ಟು. ಅದು ಉಪ್ಪಿನ ತಾಸು. ಅದಕ್ಕೆ ಕೂತರೆ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ಗಂಟೆಯಿಲ್ಲ, ಗಂಟೆಯಿಲ್ಲದಿದ್ದರೆ ನೌಕರಿಯಿಲ್ಲ.

ಇದಕ್ಕೆ ದಾರಿಯೊಂದಿತ್ತು. ನೌಕರಿ ಮಾಡುತ್ತ ಓದುವವರು ಮೇಲಧಿಕಾರಿಯ ಪತ್ರ ಹಚ್ಚಿ ಅರ್ಜಿ ಕೊಟ್ಟರೆ, ಆ ತಾಸಿನ ಬದಲು ರಜೆಯ ದಿನಗಳಲ್ಲಿ ಪ್ರಯೋಗ ಮಾಡಿ ಬರೆದು ತೋರಿಸುವ ಸೌಲಭ್ಯವನ್ನು ಪ್ರಿನ್ಸಿಪಾಲರು ಕೊಡಬಹುದಿತ್ತು. ದಸ್ತಗೀರಣ್ಣ ಅರ್ಜಿ ಬರೆದಿದ್ದ. ಅವನ ಅಕ್ಷರ ಮುದ್ದಾದುದು. ಅರ್ಜಿಯೇ ಪದವಿಪತ್ರದಂತೆ ಕಾಣುತ್ತಿತ್ತು. ರಾಜ್ಯಶಾಸ್ತ್ರದ ತಾಸಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರಾದ್ದರಿಂದ ಅದನ್ನು ನನಗೆ ತೋರಿಸಿ, "ಕನ್ನಡ ಸರಿ ಐತೇನು ನೋಡು ತಮ್ಮಾ" ಎಂದ. ನಾನು ನೋಡಿದೆ. ನೋಡಿ, ಮಡಚಿ, ಅವನ ಅಂಗಿಯ ಕಿಸೆಗೇ ತುರುಕಿದೆ.

"ಅರ್ಜಿ ಯಾಕ ದಸ್ತಗೀರಣ್ಣಾ? ನಾ ಇಲ್ಲೇನು?"

"ನೀ ಇದ್ದರ ಏನಪಾ?"

ನಾನು ಅವನ ಧ್ವನಿಯಲ್ಲೇ, "ಹಾಜರ್, ಸರ್" ಎಂದು ತೋರಿಸಿದೆ. ಅವನು ಒಂದು ಕ್ಷಣ ತನ್ನ ಬಾಯಿಯನ್ನೇ ಮುಟ್ಟಿ ನೋಡಿಕೊಂಡು ನಕ್ಕ. ಆಮೇಲೆ, "ಬ್ಯಾಡೋ. ಸರ್ ಚಲೋ ಮನಷ್ಯಾ ಇದ್ದಾರ" ಎಂದ. "ಚಲೋ ಮನಷ್ಯಾರಿಗೆ ತ್ರಾಸ ಯಾಕ ಕೊಡೂದು, ಅರ್ಜಿ ಓದೂ ತ್ರಾಸ?" ಎಂದೆ ನಾನು. ನನ್ನ ವಾದಸರಣಿಗಳೆಲ್ಲ ಇಂಥವು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು, ಅವನು ಓಡಿದ. ಅರ್ಜಿ ಅವನ ಕಿಸೆಯಲ್ಲೇ ಉಳಿಯಿತು. ಮರುದಿನವೂ ಉಳಿಯಿತು. ಹಾಗೆ ಒಬ್ಬ ನಿಯಮವಂತನನ್ನು ಕಳ್ಳನನ್ನಾಗಿ ಮಾಡಲು ನನಗೆ ಬೇಕಾದದ್ದು ರಾಜ್ಯಶಾಸ್ತ್ರದ ತಾಸಿನ ಕೊನೆಯ ಕೆಲವು ನಿಮಿಷ ಮಾತ್ರ.

ಅನುಕರಣೆ ಮಾಡುವವರ ಒಂದು ಗುಟ್ಟು ನಿಮಗೆ ಹೇಳಲೇಬೇಕು. ಇದ್ದದ್ದನ್ನು ಇದ್ದ ಹಾಗೇ ಅಂದರೆ ಯಾರೂ ನಗುವುದಿಲ್ಲ. ಇದ್ದದ್ದರ ಮೇಲೆ ಒಂದು ಚಿಟಿಕೆ ಹೆಚ್ಚು ಉದುರಿಸಬೇಕು. ಮೊದಲ ವಾರ ನಾನು ಪ್ರಾಮಾಣಿಕ ಕಳ್ಳನಾಗಿದ್ದೆ. ನಲವತ್ತೇಳು ಎಂದು ಸರ್ ಕರೆದರೆ, ದಸ್ತಗೀರಣ್ಣನ ಹಾಗೇ ಮೆತ್ತಗೆ, ಅವಸರದಲ್ಲಿ, "ಹಾಜರ್, ಸರ್" ಎನ್ನುತ್ತಿದ್ದೆ. ಹಿಂದಿನ ಬೆಂಚಿನವರಿಗೆ ಅದು ಸಪ್ಪೆಯಾಯಿತು. ಆಗ ಒಂದು ಕೆಮ್ಮು ಸೇರಿಸಿದೆ, ಹಾಡುವ ಮೊದಲು ತಂಬೂರಿಯ ತಂತಿ ಮೀಟಿದ ಹಾಗೆ. ಮುಂದಿನ ವಾರ 'ಹಾಜರ್' ಎಂಬುದನ್ನು ಎಳೆದು ಎಳೆದು ಒಂದು ಗಜ ಮಾಡಿದೆ. ಅದರ ಮುಂದಿನ ವಾರ 'ಸರ್' ಎಂಬುದಕ್ಕೆ ಮೊದಲು ಒಂದು 'ಜನಾಬ್' ಇಟ್ಟೆ. ದಸ್ತಗೀರಣ್ಣ ಜನ್ಮದಲ್ಲಿ ಯಾರಿಗೂ ಜನಾಬ್ ಅಂದವನಲ್ಲ. ಮನೆಯಲ್ಲಿ ಉರ್ದು ಆಡುವವನು ಹೀಗೆ ಮಾತಾಡುತ್ತಾನೆಂಬುದು, ನಾಲ್ಕು ತಲೆಮಾರಿನಿಂದ ಅಂಥ ಮನೆಗಳ ನೆರೆಯಲ್ಲೇ ಬಾಳಿದ ನನ್ನಂಥವನ ತಲೆಯೊಳಗಿನ ಒಂದು ಸವಕಲು ಆಟಿಕೆ. ಆಗ ಇದೆಲ್ಲ ತೋಚಲಿಲ್ಲ. ತರಗತಿ ನಗುತ್ತಿತ್ತು.

ಚೋದ್ಯವೆಂದರೆ ಸಂಪಗಾವಿ ಸರ್‌ಗೆ ಆ ನಲವತ್ತೇಳರ ಮೇಲೆ ಪ್ರೀತಿ ಹುಟ್ಟಿತು. ಉಳಿದವರು ಹಸಿದ ಕಾಗೆಗಳಂತೆ 'ಯಸ್ಸಾರ್' ಎಂದು ಕುಕ್ಕುವಾಗ, ಒಬ್ಬನಾದರೂ ಇಷ್ಟು ಗೌರವದಿಂದ ತನ್ನ ಇರವನ್ನು ನಿವೇದಿಸಿಕೊಳ್ಳುತ್ತಾನಲ್ಲ ಎಂದು ಅವರು ಪುಸ್ತಕದೊಳಗೇ ಮುಗುಳ್ನಗುವರು. "ಕೆಮ್ಮು ಇನ್ನೂ ಹೋಗಿಲ್ಲೇನೋ ನಲವತ್ತೇಳು? ಜೇಷ್ಠಮಧು ಬಾಯಾಗ ಇಟಗೋ" ಎಂದರು ಒಮ್ಮೆ. ನಾನು, "ಶುಕ್ರಿಯಾ ಸರ್" ಎಂದೆ. ಮತ್ತೊಂದು ದಿನ, ಪುಸ್ತಕದಲ್ಲಿ ನಂಬರಿನ ಮುಂದೆ ಬರೆದ ಊರು ಓದಿ, ತಲೆ ಎತ್ತದೆ, "ನಲವತ್ತೇಳು, ನೀ ಖಾನಾಪುರದಾಂವ ಅಲ್ಲೇನು? ಬರೂ ಸೋಮವಾರ ನಿಮ್ಮೂರಿನ ಹೊಸಾ ಗಡಿಗಿ ಒಂದು ತಾ. ನೀರು ಯಾಕ ತಣ್ಣಗಾಗತೈತಿ ತೋರಸ್ತೀನಿ" ಎಂದರು. "ಜರೂರ್ ಸರ್" ಎಂದೆ. ಇನ್ನೊಬ್ಬನ ಬಾಯಿಂದ ಮಾತು ಕೊಡುವುದು ಎಷ್ಟು ಸುಲಭ ನೋಡಿ.

ಮರುದಿನ ದಸ್ತಗೀರಣ್ಣನಿಗೆ ಹೇಳಿದೆ. "ನಾ ಯಾವಾಗ ಹೂಂ ಅಂದ್ನೋ?" ಎಂದ ಆತ.

"ನಿನ್ನೆ ಅಂದ್ಯಲ್ಲ. ಸರ್‌ಗೆ ಭಾಳ ಖುಷಿ ಆತು."

ಅವನು ನಗಲೂ ಇಲ್ಲ, ಬೈಯಲೂ ಇಲ್ಲ. ಸೋಮವಾರ ಶಾಲೆಯ ಕಟ್ಟಡದಲ್ಲಿ ತಾಲೂಕು ಕಚೇರಿಯವರದೇನೋ ತರಬೇತಿ ಇದೆ, ಶಾಲೆಗೆ ರಜೆ, ನಾನೇ ತರುತ್ತೇನೆ ಎಂದ. "ಒಂದ ಪಾಠರ ಕುಂತ ಕೇಳತೀನಿ ತಮ್ಮಾ. ಪುಸ್ತಕ ಪೂರಾ ಓದೇನಿ. ಆ ಹಾಲಿನ ಪಾತೇಲಿದೆಲ್ಲಾ ನೀ ಹೇಳಿದ್ದಷ್ಟs ಕೇಳಿದ್ದು." ಆಮೇಲೆ, ನನ್ನ ಕೈ ಹಿಡಿದು, "ಆವತ್ತ ನೀ ಬಾಯಿ ಮುಚಗೊಂಡ ಕುಂದರಬೇಕ ಮತ್ತ" ಎಂದ. "ಆತು ಬಿಡು" ಎಂದೆ. ಖರೇ ಹೇಳುತ್ತೇನೆ, ಹಾಗೆಂದಾಗ ನನ್ನ ಮನಸ್ಸಿನಲ್ಲಿ ಮೋಸವಿರಲಿಲ್ಲ. ನನ್ನ ಮನಸ್ಸಿನಲ್ಲಿ ಯಾವತ್ತೂ ಏನೂ ಇರುತ್ತಿರಲಿಲ್ಲ. ಎಲ್ಲ ಇರುತ್ತಿದ್ದುದು ನಾಲಗೆಯ ತುದಿಗೆ.

ಸೋಮವಾರ ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೊದಲನೆಯ ಬೆಂಚು, ಮಡಿಲಲ್ಲಿ ಹೊಸ ಗಡಿಗೆ. ರೈಲಿನ ನೂಕುನುಗ್ಗಲಿನಲ್ಲಿ ಒಡೆಯದಂತೆ ತನ್ನ ಹಳೆಯ ಶಾಲೊಂದನ್ನು ಅದಕ್ಕೆ ಸುತ್ತಿದ್ದ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಸರ್ ಚಷ್ಮ ಹಣೆಗೇರಿಸಿದರು, ನಂಬರುಗಳು ಶುರುವಾದವು. ಮೂವತ್ತು ದಾಟಿದವು. ನಲವತ್ತು ದಾಟಿದವು. ಬೆಂಚಿನ ಗೆಳೆಯರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗತೊಡಗಿದರು. ನಲವತ್ತೈದು. ಒಬ್ಬ ನನ್ನ ಪಕ್ಕೆಗೆ ಮೊಳಕೈ ತಿವಿದ. ನಲವತ್ತಾರು. ನಿಮ್ಮನ್ನು ಆರು ತಿಂಗಳು ದಿನಾ ನಗುತ್ತ ನೋಡಿದ ಮುಖಗಳು ಬಾಯಿ ಅರೆತೆರೆದು ಕಾದಿರುವಾಗ ಸುಮ್ಮನಿರುವ ಶಕ್ತಿ ಯಾವ ಕಡ್ಡಾಯ ವಿಷಯದಲ್ಲೂ ನನಗೆ ಯಾರೂ ಕಲಿಸಿರಲಿಲ್ಲ. ದಸ್ತಗೀರಣ್ಣನೂ ಒಮ್ಮೆ ಕೇಳಲಿ, ತನ್ನ ಧ್ವನಿ ಎಷ್ಟು ಚೆಂದ ಬೆಳೆದಿದೆಯೆಂದು ಅವನೂ ನಗಲಿ ಎಂದುಕೊಂಡೆನೇನೋ. "ನಲವತ್ತೇಳು" ಎಂದರು ಸರ್. ನಾನು ಕೆಮ್ಮಿದೆ. "ಹಾ....ಜರ್, ಜನಾಬ್ ಸರ್."

ಅದರ ಬೆನ್ನಿಗೇ ಮುಂದಿನ ಬೆಂಚಿನಿಂದ ಮೆತ್ತಗೆ, ಅವಸರದಲ್ಲಿ: "ಹಾಜರ್, ಸರ್."

ಸರ್ ತಲೆ ಎತ್ತಿದರು. ಹಾಜರಿ ಕರೆಯುವಾಗ ಅವರು ತಲೆ ಎತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಚಷ್ಮ ಇಳಿಸಿಕೊಂಡು, ಹತ್ತಿರವೇ ಇದ್ದ ದಸ್ತಗೀರಣ್ಣನ ಕಡೆ ಬಗ್ಗಿ ನೋಡಿ, "ಯಾರಪಾ ನೀ? ಮಂದಿ ನಂಬರಿಗೆ ಯಾಕ ಬಾಯಿ ಹಾಕ್ತಿ?" ಎಂದರು.

"ನಾನs ರೀ ಸರ್ ನಲವತ್ತೇಳು."

"ನಲವತ್ತೇಳರ ಧ್ವನಿ ನನಗ ಗೊತ್ತಿಲ್ಲೇನು? ಆರು ತಿಂಗಳಿಂದ ಕೇಳಾಕತ್ತೇನಿ. ಅಂವಾ ಹಿಂದ ಕುಂತಾನ. ನೀ ಅವನ ನಕಲ ಮಾಡಾಕತ್ತಿ, ಅದೂ ಬರೋಬರಿ ಬರವಲ್ದು ನಿನಗ."

ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ನಕ್ಕೆನೆಂಬುದನ್ನು ಮುಚ್ಚಿಡಲಾರೆ. ದಸ್ತಗೀರಣ್ಣ ಎದ್ದು ನಿಂತ. ಗಡಿಗೆಯನ್ನು ಎಲ್ಲಿಡಬೇಕೆಂದು ತೋಚದೆ ಎಡಗೈಯಿಂದ ಎದೆಗೆ ಅವುಚಿಕೊಂಡು, ಬಲಗೈಯಿಂದ ಕಿಸೆಯೊಳಗಿನ ಗುರುತಿನ ಚೀಟಿ ತೆಗೆದು ಮುಂದೆ ಚಾಚಿದ. "ಗಡಿಗಿ ತಂದಾಂವ ನಾನs ರೀ ಸರ್" ಎಂದ. ಸರ್ ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಫೋಟೋ ನೋಡಿದರು, ಇವನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. ನಗೆ ಎಲ್ಲೋ ನಡುವೆ ನಿಂತುಹೋಗಿತ್ತು.

"ಹಂಗಾರ ಆರು ತಿಂಗಳಿಂದ ನಾ ಯಾರ ಜೋಡಿ ಮಾತಾಡೇನಿ?" ಎಂದು ಕೇಳಿದರು ಅವರು. ಸಿಟ್ಟಿನಿಂದ ಕೇಳಿದ್ದರೆ ನಮಗೆ ಅನುಕೂಲವಾಗುತ್ತಿತ್ತು. ಅವರು ಖರೇನೇ ತಿಳಿಯಬೇಕೆಂದು ಕೇಳಿದರು, ಹಾಲು ಯಾಕೆ ಉಕ್ಕುತ್ತದೆಂದು ಕೇಳುತ್ತಿದ್ದ ಧಾಟಿಯಲ್ಲೇ.

ಚೀಟಿಯನ್ನು ದಸ್ತಗೀರಣ್ಣನಿಗೆ ಮರಳಿಸಿ ಅವರು ಹಿಂದಿನ ಬೆಂಚುಗಳ ಕಡೆ ತಿರುಗಿದರು.

"ಯಾರಂತ ಎದ್ದ ನಿಲ್ರಿ. ಹುಡುಗಾಟಕಿ ಅಂತ ಇಬ್ಬರ ಕಡಿಂದನೂ ಬರಸ್ಕೊಂಡು, ರಜಾದಾಗ ಕರದು ತಾಸು ತೊಗೊಂಡು ಟರ್ಮ್ ಉಳಸ್ತೀನಿ. ಎದ್ದ ನಿಲ್ಲಲಿಲ್ಲಂದರ ಈ ಸಾಲೆಲ್ಲಾ ನಾ ಹೊಡದ ಹಾಕಬೇಕಾಗತೈತಿ." ಅವರು ಕೆಂಪು ಪೆನ್ನಿನ ಮುಚ್ಚಳ ತೆಗೆದು ಕಾದರು. ಬಹಳ ಹೊತ್ತು ಕಾದರೆಂದು ನನ್ನ ನೆನಪು. ಆಮೇಲೆ ದಸ್ತಗೀರಣ್ಣನನ್ನು, "ನಿನಗ ಗೊತ್ತಿರಬೇಕಲ್ಲ?" ಎಂದು ಕೇಳಿದರು.

ಅವನು ಹಿಂದೆ ತಿರುಗಿ ನೋಡಲಿಲ್ಲ. "ಗೊತ್ತಿಲ್ರೀ ಸರ್" ಎಂದ.

ಎದ್ದು ನಿಲ್ಲುವುದು ಶಾರೀರಿಕವಾಗಿ ಅಷ್ಟು ಕಠಿಣ ಕ್ರಿಯೆಯೇನಲ್ಲ. ನಾನು ನಿಲ್ಲುವವನೇ ಇದ್ದೆ. ನಿಂತರೆ ಯಾವ ಧಾಟಿಯಲ್ಲಿ ಹೇಳಲಿ, ಪಶ್ಚಾತ್ತಾಪದ ಧ್ವನಿ ಹೇಗಿರುತ್ತದೆ ಎಂದು ಒಳಗೊಳಗೇ ಹುಡುಕುತ್ತಿದ್ದೆ. ಅಪ್ಪನಿಗೆ ಗೊತ್ತಾದರೆ ಎಂಬ ಭಯವಿತ್ತು, ಸರ್ ಮಾತಿಗೆ ತಪ್ಪಿ ನನ್ನ ಟರ್ಮನ್ನೂ ಕಳೆದರೆ ಎಂಬ ಭಯವಿತ್ತು. ಪೆನ್ನು ಇಳಿಯಿತು. ಆರು ತಿಂಗಳ ಉದ್ದಕ್ಕೆ ಒಂದು ಕೆಂಪು ಗೆರೆ ಎಳೆದ ಸಪ್ಪಳ ಹಿಂದಿನ ಬೆಂಚಿನವರೆಗೂ ಕೇಳಿಸಿತು. ದಸ್ತಗೀರಣ್ಣ ಗಡಿಗೆಯನ್ನು ಶಾಲಿನಿಂದ ಬಿಚ್ಚಿ ಮೇಜಿನ ಮೇಲಿಟ್ಟು, ಶಾಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಸರ್ ಆ ದಿನ ಪಾಠ ಮಾಡಲಿಲ್ಲ.

ಪರೀಕ್ಷೆಗೆ ಮೊದಲು ಕಾಲೇಜಿನ ಫಲಕದ ಮೇಲೆ ಟರ್ಮ್ ಸಿಗದವರ ಯಾದಿ ಬಂತು. ಆ ಯಾದಿಯಲ್ಲಿ ನಲವತ್ತೇಳು ಇತ್ತು. ಅವನು ಆ ಹಳೆಯ ಅರ್ಜಿಯನ್ನು ಹೆಡ್‌ಮಾಸ್ತರರ ಪತ್ರದೊಂದಿಗೆ ಆಫೀಸಿಗೆ ಒಯ್ದನಂತೆ. ಇದು ಹೊಸ ಸಾಲಿನ ಆರಂಭಕ್ಕೆ ಕೊಡುವ ಅರ್ಜಿಯೆಂದು ತಿರುಗಿಸಿದರಂತೆ. ಇದನ್ನೆಲ್ಲ ನಾನು ಬೇರೆಯವರಿಂದ ಕೇಳಿ ತಿಳಿದೆ. ರಾಜ್ಯಶಾಸ್ತ್ರದ ತಾಸಿಗೆ ನಮ್ಮ ಬೆಂಚಿನಲ್ಲಿ ಈಗ ನಾನೊಬ್ಬನೇ ಕೂರುತ್ತಿದ್ದೆ. ನನ್ನ ಟರ್ಮ್ ಸುರಕ್ಷಿತವಾಗಿತ್ತು. ಸಾಮಾನ್ಯ ವಿಜ್ಞಾನದ ಪತ್ರಿಕೆಯಲ್ಲಿ, ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವ ಕಾರಣವನ್ನು ವಿವರಿಸಿ ಎಂಬ ಪ್ರಶ್ನೆ ಬಂತು. ಗಡಿಗೆಯ ಮೈಯ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಒಳಗೆ ಉಳಿದ ನೀರಿನಿಂದಲೇ ಕಿತ್ತುಕೊಳ್ಳುತ್ತದೆ ಎಂದು ಪುಟ ತುಂಬ ಬರೆದೆ. ಹೀಗೆ ಒಬ್ಬನ ಬೆವರಿನಿಂದ ಇನ್ನೊಬ್ಬ ತಂಪಾಗುವ ಶಾಸ್ತ್ರವನ್ನು ನಾನು ಕಲಿತದ್ದಕ್ಕೆ ವಿದ್ಯಾಪೀಠ ಒಳ್ಳೆಯ ಅಂಕಗಳನ್ನೇ ಕೊಟ್ಟಿತು. ಪಾಸಾದೆ. ಸ್ಟುಡಿಯೋಕ್ಕೂ ಹೋದೆ.

ಜೂನಿನಲ್ಲಿ, ಶಾಲೆಗಳು ಆರಂಭವಾದ ಮೇಲೆ, ಖಾನಾಪುರದ ಬಸ್ಸು ಹತ್ತಿದೆ. ಯಾಕೆ ಅಷ್ಟು ತಡವೆಂದು ಕೇಳಬೇಡಿ. ಪಾಸಾಗುವವರೆಗೆ ಪಶ್ಚಾತ್ತಾಪಪಡುವ ಧೈರ್ಯ ನನಗಿರಲಿಲ್ಲ. ದಸ್ತಗೀರಣ್ಣ ಶಾಲೆಯ ಅಂಗಳದಲ್ಲಿ ಕಂಬಿಯ ತುಂಡನ್ನು ಬಾರಿಸಿ ಸುತ್ತಿಗೆಯನ್ನು ಮೊಳೆಗೆ ಸಿಕ್ಕಿಸುತ್ತಿದ್ದ. ನನ್ನನ್ನು ಕಂಡು, "ಬಾ ತಮ್ಮಾ. ಪಾಸಾದ್ಯಂತ, ಚಲೋ ಆತು" ಎಂದ. ಅಲ್ಲಿಯೇ ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟ. ನಾನು, ಬೇರೆ ಏನೂ ಬಾರದವನು, ಸಂಪಗಾವಿ ಸರ್ ಧ್ವನಿಯಲ್ಲಿ, "ಈ ನೀರು ಯಾಕ ತಣ್ಣಗೈತಿ, ಒಬ್ಬರರ ಕೇಳೀರೇನು?" ಎಂದೆ. ಅವನು ನಗಲಿಲ್ಲ. "ಸರ್ ಹ್ಯಾಂಗದಾರ?" ಎಂದು ಕೇಳಿದ. ಗೊತ್ತಿಲ್ಲ ಎಂದೆ, ನಿಜವಾಗಿಯೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಎಳೆಯ ವಯಸ್ಸಿನ ಮಾಸ್ತರರೊಬ್ಬರು ಬಾಗಿಲಿಗೆ ಬಂದು, "ದಸ್ತಗೀರ, ಎಂಟನೇತ್ತಾಕ ಖಡು ಇಲ್ಲ ನೋಡು" ಎಂದರು. "ತಂದ್ನಿರೀ ಸರ್" ಎಂದು ಅವನು ಸೀಮೆಸುಣ್ಣದ ಡಬ್ಬಿ ಹಿಡಿದು ಓಡಿದ. ಅವರು ಹೊಸ ಹಿಂದಿ ಮಾಸ್ತರರೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ತೆರೆದ ಬಾಗಿಲಿನಿಂದ ಕುರ್ಚಿ ಕಾಣುತ್ತಿತ್ತು. ಅವನು ಆ ಕುರ್ಚಿಯನ್ನು ತನ್ನ ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಸರಿಯಾಗಿ ಇಟ್ಟು, ಹೊರಗೆ ಬಂದ.

ಮುಂದೆ ಆದದ್ದನ್ನು, ಅಂದರೆ ಆಗದಿದ್ದುದನ್ನು, ಇಲ್ಲಿಯೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಜಾಗವಿರುವುದಿಲ್ಲ. ಅವನು ಮತ್ತೆ ಟರ್ಮ್ ತುಂಬಲಿಲ್ಲ. ನಾನು ಪ್ರಿನ್ಸಿಪಾಲರ ಬಳಿಗೆ ಹೋಗಲಿಲ್ಲ, ಸರ್ ಬಳಿಗೂ ಹೋಗಲಿಲ್ಲ. ಅದಾಗಿ ಕೆಲವು ವರ್ಷಗಳಾದವು. ನಾನು ಯಾರ ನಕಲನ್ನೂ ಮಾಡುವುದಿಲ್ಲವೆಂದಲ್ಲ, ಮಾಡುತ್ತೇನೆ, ಓಣಿಯವರು ನಗುತ್ತಾರೆ. ಖಾನಾಪುರದ ಕಡೆ ಹೋಗುವುದಿಲ್ಲ, ಅಷ್ಟೆ.

ಅಂದು ಕಟ್ಟೆಯ ಮೇಲೆ ಅವನು ನನ್ನ ಬಾಜು ಕುಳಿತು ಕೈಗೆ ಹತ್ತಿದ ಸುಣ್ಣದ ಪುಡಿ ಕೊಡವಿಕೊಳ್ಳುತ್ತಿದ್ದ. ನಾನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ತಪ್ಪು ನಂದು ದಸ್ತಗೀರಣ್ಣಾ. ನಿನಗ ಇನ್ನೊಂದು ವರ್ಷ ಹಾಳಾಗಬಾರದು. ನಾಳೆನ ಪ್ರಿನ್ಸಿಪಾಲರ ಕಡೆ ಹೋಗ್ತೀನಿ, ಸರ್ ಕಡೇನೂ ಹೋಗ್ತೀನಿ. ನಿಂತು ಎಲ್ಲಾ ಹೇಳಿಬಿಡ್ತೀನಿ."

ಅವನು ಕೈ ಕೊಡವುವುದನ್ನು ನಿಲ್ಲಿಸಿ ನನ್ನ ಮುಖವನ್ನು ನೋಡಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆಂದು ಕೇಳುವಷ್ಟು ಸಹಜವಾಗಿ ಕೇಳಿದ.

"ಯಾರ ಧ್ವನ್ಯಾಗ ಹೇಳ್ತಿ ತಮ್ಮಾ?"